ಟ್ರಯಲ್ ತಗೊಂಡ್ರ ತಪ್ಪೇನು?

ನಮ್ಮ ಅತ್ತೆ ಟ್ರಯಲ್ ತೆಗೆದುಕೊಳ್ಳದೆ ಮಾಡಿದ ಕೆಲಸ ಈ ಭೂಮಿಯ ಮೇಲೆ ಒಂದೇ ಒಂದು. ಹುಟ್ಟಿದ್ದು! ಅದೂ ಆಗ ಅವಳ ಮಾತನ್ನು ಯಾರೂ ಕೇಳುವಂತಿರಲಿಲ್ಲ, ಅದಕ್ಕೆ. ಕೇಳುವಂತಿದ್ದರೆ, “ತಡೀರಿ, ಒಮ್ಮೆ ಹೊರಗ ಬಂದು ನೋಡ್ತೇನಿ, ಗಾಳಿ ಬೆಳಕು ಸರಿ ಅನಸಿದ್ರ ಮುಂದ ಹುಟ್ಟಿದ್ರಾತು” ಎಂದು ಹೇಳಿಯೇ ಹೇಳುತ್ತಿದ್ದಳು. ಹೆಚ್ಚಾಯಿತು ಎನ್ನುತ್ತೀರಾ? ಹಾಗಾದರೆ ಪುಣೆಯ ಕೋಥರೂಡದಲ್ಲಿ ಅವಳ ಮನೆಯಿರುವ ಗಲ್ಲಿಗೆ ಹೋಗಿ, “ಟ್ರಯಲ್ ಕಾಕೂ ಎಲ್ಲಿರುತ್ತಾರೆ?” ಎಂದು ಕೇಳಿ ನೋಡಿ. ಹಾಲಿನವನಿಂದ ಹಿಡಿದು ಸೊಸೈಟಿಯ ವಾಚ್‌ಮನ್‌ವರೆಗೆ ಎಲ್ಲರೂ ನೆಲಮಹಡಿಯ ಹಸಿರು ಬಾಗಿಲಿನ ಕಡೆ ಕೈ ತೋರಿಸುತ್ತಾರೆ. ತೋರಿಸುವಾಗ ಸ್ವಲ್ಪ ನಗುತ್ತಾರೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ ಅಲ್ಲ, ನನ್ನ ಅಪ್ಪನ ಅಕ್ಕ. ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದವಳು ಇಲ್ಲಿಯೇ ಬ್ಲೌಸ್ ಹೊಲಿಯುತ್ತ ಕೂತಳು, ಇನ್ನೂ ಕೂತಿದ್ದಾಳೆ. ಕೊರಳಲ್ಲಿ ಮಂಗಳಸೂತ್ರ ಒಂದು ದಿನ ಇಲ್ಲದಿದ್ದರೂ ಇರಬಹುದು, ಅಳತೆಯ ಟೇಪು ಇಲ್ಲದ ದಿನ ಇಲ್ಲ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಟ್ರಯಲ್ ಎಂಬ ಒಂದು ಶಬ್ದದ ಮೇಲೆ ಅವಳಿಗಿರುವ ಹಿಡಿತ ಆ ಭಾಷೆಯನ್ನು ಹುಟ್ಟಿಸಿದವರಿಗೂ ಇರಲಿಕ್ಕಿಲ್ಲ.

ನನಗೂ ಅವಳಿಗೂ ಒಂದು ಹಳೆಯ ನಂಟಿದೆ. ನಾನು ಕೈಗೂಸಾಗಿದ್ದಾಗ ನನ್ನನ್ನು ಪುಣೆಗೆ ತಂದು ಅವಳ ಹತ್ತಿರ ಬಿಟ್ಟಿದ್ದರಂತೆ. ನಡೆಯುವುದನ್ನು ಕಲಿತದ್ದು ಅವಳ ಮನೆಯ ಮಷೀನಿನ ಕಾಲು ಹಿಡಿದುಕೊಂಡು. ಆಮೇಲೆ ಧಾರವಾಡಕ್ಕೆ ವಾಪಸ್ಸು ಒಯ್ದರು. ಯಾಕೆ ಬಿಟ್ಟರು, ಯಾಕೆ ಒಯ್ದರು ಎಂದು ಕೇಳಿದರೆ ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ: “ಆಗ ನಿಮ್ಮವ್ವಗ ಆರಾಮ ಇದ್ದಿದ್ದಿಲ್ಲ.” ಅತ್ತೆಗೆ ಮಕ್ಕಳಿಲ್ಲ. ಮದುವೆಯಾಗಿ ನಾನೂ ಇದೇ ಊರಿಗೆ, ವಿಮಾನ ನಗರಕ್ಕೆ ಬಂದೆ. ಅಂದಿನಿಂದ ನನ್ನ ಮನೆಯ ಯಾವ ಕೆಲಸವೂ ಅವಳ ಕಣ್ಣಿಗೆ ಬೀಳದೆ, ಅವಳ ಬಾಯಿಂದ ‘ಪಾಸ್’ ಅನ್ನಿಸಿಕೊಳ್ಳದೆ ಮುಗಿದದ್ದಿಲ್ಲ. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಾನೂ ನನ್ನ ಗಂಡನೂ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದಾಗ ಅವ್ವ ಒಪ್ಪಿದಳು, ಮೈಸೂರಿನಲ್ಲಿರುವ ನನ್ನ ಗಂಡನ ತಂದೆ ತಾಯಿ ಒಪ್ಪಿದರು, ದತ್ತು ಕೊಡುವ ಸಂಸ್ಥೆಯವರು ಮನೆ ನೋಡಿ ಹೋದರು. ಆದರೂ ನಾನು ಹೆದರುತ್ತಿದ್ದದ್ದು ಒಬ್ಬಳಿಗೆ. ಕರಿಬೇವಿನ ಸಸಿಯನ್ನು ಕೂಡ ಟ್ರಯಲ್ ಇಲ್ಲದೆ ಮನೆಯೊಳಗೆ ಬಿಟ್ಟುಕೊಳ್ಳದ ಈ ಹೆಂಗಸು ಒಂದು ಕೂಸಿಗೆ ಏನನ್ನುತ್ತಾಳೋ!

ಮೊದಲು ಅವಳ ಅಂಗಡಿಗೆ ಬನ್ನಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಅಲ್ಲಿ ಯಾವ ಬ್ಲೌಸೂ, ಅತ್ತೆಯ ಬಾಯಲ್ಲಿ ‘ಜಂಪರ್’, ಒಂದೇ ಏಟಿಗೆ ತಯಾರಾಗುವುದಿಲ್ಲ. ಮೊದಲು ಬಿಳಿ ದಾರದಲ್ಲಿ ದೊಡ್ಡದೊಡ್ಡ ಕಚ್ಚಾ ಹೊಲಿಗೆ. ಗಿರಾಕಿ ಬಂದು ತೊಟ್ಟು, ಕೈ ಎತ್ತಿ, ಇಳಿಸಿ, ಬಾಗಿ, ಒಮ್ಮೆ ಸೀನಿದಂತೆ ಮಾಡಿ ತೋರಿಸಬೇಕು. ಆಮೇಲೆ ಪಕ್ಕಾ ಹೊಲಿಗೆ. ಅವಸರದ ಗಿರಾಕಿಗಳು ಗೊಣಗುತ್ತಾರೆ. ಹೋದ ದಸರೆಯಲ್ಲಿ ಒಬ್ಬಳು, “ಕಾಕೂ, ನನ್ನ ಅಳತೆ ನಿಮ್ಮ ಹತ್ತಿರ ಇದೆಯಲ್ಲ, ಮತ್ತೆ ಟ್ರಯಲ್ ಯಾಕೆ?” ಎಂದು ಮರಾಠಿಯಲ್ಲಿ ಕೇಳಿದಳು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಷ್ಟೇ ಚಂದದ ಮರಾಠಿಯಲ್ಲಿ, “ಅಳತಿ ಹೋದ ವರ್ಷದ್ದು ಅದ. ನೀ ಈ ವರ್ಷದಾಕಿ” ಎಂಬರ್ಥದ್ದೇನೋ ಹೇಳಿದಳು. ಗಿರಾಕಿ ಬಾಯಿ ಮುಚ್ಚಿಕೊಂಡು ಕೈ ಎತ್ತಿದಳು.

ಕೈ ಎತ್ತುವುದು ಎಂದ ಕೂಡಲೇ ಮಾಮಾ ನೆನಪಾಗುತ್ತಾರೆ. ಮಾಮಾ ಎಂದರೆ ಅತ್ತೆಯ ಗಂಡ. ಅವರು ಹೆಣ್ಣು ನೋಡಲು ಧಾರವಾಡಕ್ಕೆ ಬಂದ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಇಂದಿಗೂ ಪ್ರತಿ ಹಬ್ಬದಲ್ಲಿ ಒಮ್ಮೆ ಬಡಿಸುತ್ತಾರೆ. ಹಿರಿಯರೆಲ್ಲ ಜಮಖಾನೆಯ ಮೇಲೆ ಕೂತಿದ್ದಾರೆ. ಉಪ್ಪಿಟ್ಟು ಬಂದಿದೆ. ಹುಡುಗಿಯೂ ಬಂದು ಕೂತಿದ್ದಾಳೆ. ಹುಡುಗಿಯ ಕಣ್ಣು ಹುಡುಗನ ಮುಖದ ಮೇಲಿಲ್ಲ, ಅವನ ಹೊಸ ಅಂಗಿಯ ಕಂಕುಳಿನ ಮೇಲಿದೆ! ಅಲ್ಲಿ ಬಟ್ಟೆ ಎಳೆದು ನಿಂತಿದೆ. “ನಿಮಗೇನರ ಕೇಳೂದದ ಏನವಾ?” ಎಂದು ಹುಡುಗನ ಅಪ್ಪ ದೊಡ್ಡ ಮನಸ್ಸು ಮಾಡಿ ಕೇಳಿದರು. ಅತ್ತೆ ನೇರವಾಗಿ ಹುಡುಗನಿಗೆ, “ಒಮ್ಮೆ ಎರಡೂ ಕೈ ಮ್ಯಾಲೆ ಎತ್ರಿ” ಅಂದಳು. ಇಡೀ ಸಭೆ ಉಪ್ಪಿಟ್ಟು ನುಂಗುವುದನ್ನು ಮರೆಯಿತು. ಹುಡುಗ ಮರುಮಾತಿಲ್ಲದೆ ಪೊಲೀಸರ ಮುಂದೆ ನಿಂತವನ ಹಾಗೆ ಎರಡೂ ಕೈ ಎತ್ತಿದ. ಕಂಕುಳಲ್ಲಿ ಪರ್ರ್ ಎಂದಿತು. ಅತ್ತೆ ಒಳಗೆ ಹೋಗಿ ತನ್ನ ಅವ್ವನ ಕಿವಿಯಲ್ಲಿ, “ಹೇಳಿದ ಕೂಡ್ಲೆ ಯಾಕ ಅಂತ ಕೇಳಲಾರದ ಎತ್ತಿದ್ರು. ನಡೀತದ” ಎಂದು ಒಪ್ಪಿಗೆ ಕೊಟ್ಟಳು.

“ಅವತ್ತ ಎತ್ತಿದ್ದು ನೋಡವಾ,” ಎಂದು ಮಾಮಾ ಈಗಲೂ ಹೇಳುತ್ತಾರೆ, “ಇನ್ನೂ ಇಳಿಸಿಲ್ಲ.”

ಪಾಪ, ಮಾಮಾನನ್ನೂ ಪೂರ್ತಿ ನಂಬಬೇಡಿ. ಈ ಹುಚ್ಚಿಗೆ ತುಪ್ಪ ಸುರಿದವರು ಅವರೇ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಇದ್ದರು. ಅಲ್ಲಿ ಹೊಸ ಅಚ್ಚು ಬಂದರೆ ಮೊದಲು ಸ್ವಲ್ಪ ಮಾಲು ತೆಗೆದು ನೋಡುತ್ತಿದ್ದರು, ಅದಕ್ಕೆ ಟ್ರಯಲ್ ಲಾಟ್ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅದನ್ನು ಹೆಂಡತಿಗೆ ಹೇಳಿದರು. ಹೇಳಬಾರದಿತ್ತು! ಅಂದಿನಿಂದ ದೀಪಾವಳಿಗೆ ಮೊದಲು ಚಕ್ಕುಲಿಯ ಟ್ರಯಲ್ ಲಾಟ್, ಸಂಕ್ರಾಂತಿಗೆ ಮೊದಲು ಹೋಳಿಗೆಯ ಟ್ರಯಲ್ ಲಾಟ್. ಹಬ್ಬದ ದಿನ ನಮಗೆ ಸಿಗುವುದಕ್ಕಿಂತ ಒಳ್ಳೆಯ ಚಕ್ಕುಲಿಯನ್ನು ಮಾಮಾ ಒಬ್ಬರೇ ವಾರ ಮೊದಲೇ ತಿಂದು ಮುಗಿಸಿರುತ್ತಿದ್ದರು.

ಇನ್ನು ರೈಲು. ಧಾರವಾಡಕ್ಕೆ ಹೋಗುವ ಹಿಂದಿನ ದಿನ ಅತ್ತೆ ಸ್ಟೇಷನ್ನಿಗೆ ಹೋಗಿಬರಲೇಬೇಕು. ರಿಕ್ಷಾ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಮೆಟ್ಟಿಲು ಎಲ್ಲಿವೆ, ನಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ, ಎಲ್ಲ ನೋಡಿಕೊಂಡು ಬರಬೇಕು. ಅಷ್ಟಾದರೆ ಸಹಿಸಬಹುದು. ಅವಳು ಸಾಮಾನು ಸಮೇತ ಹೋಗುತ್ತಾಳೆ! “ಖಾಲಿ ಕೈಲೆ ಹೋದ್ರ ಅದೇನ್ ಟ್ರಯಲ್ ಆತು?” ಎಂದು ನನ್ನನ್ನೇ ಕೇಳುತ್ತಾಳೆ. ಒಮ್ಮೆ ಎರಡು ಬ್ಯಾಗು, ಒಂದು ಉಪ್ಪಿನಕಾಯಿ ಭರಣಿ, ಒಬ್ಬ ಮಾಮಾ, ಇಷ್ಟನ್ನೂ ಪ್ಲಾಟ್‌ಫಾರ್ಮಿನ ತುದಿಯವರೆಗೆ ಒಯ್ದು ವಾಪಸ್ಸು ತಂದಳು. ಮರುದಿನ ಹೋದರೆ ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬಂತು. ಭರಣಿ ಅಪ್ಪಿಕೊಂಡು ಸೇತುವೆ ಹತ್ತಿ ಓಡಿದೆವು. ಕೂತು ಉಸಿರು ಬಿಟ್ಟ ಮೇಲೆ ನಾನು ಸ್ವಲ್ಪ ಸೊಕ್ಕಿನಿಂದಲೇ, “ಈಗೇನಂತಿ ಅತ್ತಿ?” ಎಂದೆ.

“ನಂದೇನ್ ತಪ್ಪು? ನಾ ಟ್ರಯಲ್ ತಗೊಂಡಿದ್ದೆ. ರೈಲು ತಗೊಂಡಿದ್ದಿಲ್ಲ!”

ಹೀಗಿರುವವಳನ್ನು ನಾನು ಒಂದು ದಿನ ನಮ್ಮ ವಿಮಾನ ನಗರದ ಮಾಲ್‌ಗೆ ಕರೆದುಕೊಂಡು ಹೋದೆ. ಬಟ್ಟೆಯಂಗಡಿಯಲ್ಲಿ ‘ಟ್ರಯಲ್ ರೂಮ್’ ಎಂಬ ಹಲಗೆ ಕಂಡಿತು. ಅತ್ತೆ ನಿಂತೇಬಿಟ್ಟಳು. ತನ್ನ ಜೀವನವಿಡೀ ಜನ ನಕ್ಕ ಒಂದು ಕೆಲಸಕ್ಕೆ ಇಲ್ಲಿ ಕನ್ನಡಿ, ದೀಪ, ಬಾಗಿಲು ಸಮೇತ ಒಂದು ಕೋಣೆಯನ್ನೇ ಕಟ್ಟಿಸಿದ್ದಾರೆ! ಗುಡಿಯ ಮುಂದೆ ನಿಂತವಳಂತೆ ಚಪ್ಪಲಿ ಬಿಡಲು ಹೋದಳು, ನಾನೇ ತಡೆದೆ. ಒಂದು ಕುರ್ತಾ ಹಿಡಿದುಕೊಂಡು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲೊಲ್ಲಳು. ಹೊರಗೆ ಸಾಲು ಬೆಳೆಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಪ್ ಟಪ್ ಟಪ್ ಎಂದು ಸಪ್ಪಳ ಬರತೊಡಗಿತು. ಅಂಗಡಿಯ ಹುಡುಗಿ ಬೆದರಿ ನನ್ನ ಮುಖ ನೋಡಿದಳು. ನನಗೆ ಆ ಸಪ್ಪಳ ಗೊತ್ತು. ಧಾರವಾಡದಲ್ಲಿ ಬೆಳೆದ ಯಾರಿಗೂ ಗೊತ್ತು. ಅತ್ತೆ ಒಳಗೆ ನೆಲದ ಮೇಲೆ ಕೂತು, ಹಿಟ್ಟಿಲ್ಲದೆ, ಹಿಟ್ಟು ನಾದುವ ಕೊಣಮಿಗೆಯಿಲ್ಲದೆ, ಜೋಳದ ರೊಟ್ಟಿ ಬಡಿಯುತ್ತಿದ್ದಳು! ಹೊರಗೆ ಬಂದು ಕುರ್ತಾವನ್ನು ಹುಡುಗಿಯ ಕೈಗೆ ಕೊಟ್ಟು ಮರಾಠಿಯಲ್ಲಿ ತೀರ್ಪು ಹೇಳಿದಳು: “ನಿಂತಾಗ ಛಂದ ಅದ. ರೊಟ್ಟಿ ಬಡೀಲಿಕ್ಕೆ ಬರೂದಿಲ್ಲ.” ಆ ಹುಡುಗಿ ಕುರ್ತಾವನ್ನು ತಿರುಗಿಸಿ ತಿರುಗಿಸಿ ನೋಡಿದಳು. ರೊಟ್ಟಿಯ ಬಗ್ಗೆ ಲೇಬಲ್ಲಿನಲ್ಲಿ ಏನೂ ಬರೆದಿರಲಿಲ್ಲ.

ಈ ಶಬ್ದದ ಗಮ್ಮತ್ತು ನೋಡಿ. ದರ್ಜಿಯ ಹತ್ತಿರ ಅದು ಬಿಳಿ ದಾರ, ಕಾರ್ಖಾನೆಯಲ್ಲಿ ಮೊದಲ ಮಾಲು, ಮೈದಾನದಲ್ಲಿ ತಂಡಕ್ಕೆ ಆರಿಸುವ ಮೊದಲಿನ ಓಟ, ಹಳೆಯ ಸ್ಕೂಟರು ಮಾರುವವನ ಬಾಯಲ್ಲಿ ಗಲ್ಲಿಯ ತುದಿಯವರೆಗೆ ಒಂದು ಸುತ್ತು. ಎಲ್ಲ ಕಡೆಗೂ ಅತ್ತೆ ಹೋಗಿಬಂದಿದ್ದಾಳೆ. ಕೋರ್ಟಿಗೂ! ಅವರ ಸೊಸೈಟಿಯಲ್ಲಿ ಇಬ್ಬರು ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಕೋರ್ಟು ಹತ್ತಿದ್ದರು. ನೆಲಮಹಡಿಯವಳಾದ್ದರಿಂದ ಅತ್ತೆ ಸಾಕ್ಷಿ. ವಕೀಲರು ಬಂದು, “ಕಾಕೂ, ಇನ್ನು ಟ್ರಯಲ್ ಶುರುವಾಗುತ್ತದೆ, ನೀವು ಬರಬೇಕು” ಎಂದದ್ದೇ ತಡ, ಅವಳು ಇಳಕಲ್ ಸೀರೆ ತೆಗೆದಳು. ಒಮ್ಮೆ ಹೋಗಿ ಸಾಕ್ಷಿ ಹೇಳಿದಳು. ಮತ್ತೆ ಕರೆದರು, ಹೋದಳು. ಮತ್ತೆ ಮುಂದಕ್ಕೆ ಹೋಯಿತು. ಜಗಳವಾಡಿದ ಇಬ್ಬರೂ ಆ ಗಾಡಿಗಳನ್ನು ಮಾರಿದರು, ಟ್ರಯಲ್ ನಡೆದೇ ಇದೆ. ಅತ್ತೆ ಮೊದಲ ಬಾರಿಗೆ ಆ ಶಬ್ದದ ಬಗ್ಗೆ ಬೇಸರ ಪಟ್ಟುಕೊಂಡದ್ದು ಆಗ. “ಇಷ್ಟು ಟ್ರಯಲ್ ತಗೊಳ್ಳೋ ದರ್ಜಿನ ನಾ ಎಲ್ಲೂ ನೋಡಿಲ್ಲವಾ. ಗಿರಾಕಿ ಮುದುಕರಾದ್ರೂ ಜಂಪರ್ ಕೈಗೆ ಬರವಲ್ದು!”

ಡಾಕ್ಟರ ಹತ್ತಿರವೂ ಅಷ್ಟೆ. ಮೊಣಕಾಲು ನೋವಿಗೆ ಹೊಸ ಗುಳಿಗೆ ಬರೆದುಕೊಟ್ಟರು. ಅತ್ತೆ ಚೀಟಿ ಹಿಡಿದುಕೊಂಡು, “ಇದರ ಟ್ರಯಲ್ ಆಗೇದೇನ್ರಿ?” ಎಂದು ಕೇಳಿದಳು. ಡಾಕ್ಟರು ಒಳ್ಳೆಯ ಮನುಷ್ಯ. ನಕ್ಕು, ಸಾವಿರಾರು ಜನರ ಮೇಲೆ ಆಗಿದೆ, ಹೆದರಬೇಡಿ ಎಂದರು. “ಅವರೊಳಗ ಕೋಥರೂಡದವರು ಎಷ್ಟು ಮಂದಿ?” ಎಂದಳು ಅತ್ತೆ. ಪುಣೆಯ ಡಾಕ್ಟರು ಅವರು. ಈ ಪ್ರಶ್ನೆ ಅವರಿಗೆ ಸಹಜವಾಗಿಯೇ ಕಂಡಿರಬೇಕು, ಸ್ವಲ್ಪ ಹೊತ್ತು ನಿಜವಾಗಿ ಯೋಚನೆ ಮಾಡಿದರು.

ನನ್ನ ಗಂಡ ಕಂಪ್ಯೂಟರಿನವರು, ಮೈಸೂರಿನವರು, ಮೆತ್ತಗೆ ಮಾತಾಡುವವರು. ಅತ್ತೆಗೆ ‘ಫ್ರೀ ಟ್ರಯಲ್’ ಎಂಬ ವಿದ್ಯೆಯನ್ನು ಕಲಿಸಿಕೊಟ್ಟದ್ದು ಅವರು. ಫೋನಿನಲ್ಲಿ ಒಂದು ತಿಂಗಳು ಪುಕ್ಕಟೆ ಸೀರಿಯಲ್ ನೋಡಬಹುದು, ಆಮೇಲೆ ಬೇಕಾದರೆ ದುಡ್ಡು ಕಟ್ಟಬೇಕು ಎಂದು ವಿವರಿಸಿದರು. ಅತ್ತೆ ತಿಂಗಳು ಪೂರ್ತಿ ನೋಡಿ, ಕೊನೆಯ ದಿನ ಫೋನನ್ನು ಅವರ ಕೈಗಿಟ್ಟು, “ಬಂದ್ ಮಾಡ್ರಿ. ಸರಿ ಕೂಡವಲ್ದು” ಎಂದಳು. ಅದರ ಬೆನ್ನಿಗೆ ಯೋಗ ಕ್ಲಾಸಿನವರೂ ಜಿಮ್ಮಿನವರೂ ಮೊದಲ ದಿನ ಫ್ರೀ ಟ್ರಯಲ್ ಎಂದು ಹಂಚುವ ಚೀಟಿಗಳು ಅವಳ ಕೈ ಸೇರಿದವು. ಇವತ್ತು ಈ ಕ್ಲಾಸು, ನಾಳೆ ಆ ಕ್ಲಾಸು. ಒಂದು ಇಡೀ ಮಳೆಗಾಲ ಅತ್ತೆ ದುಡ್ಡು ಬಿಚ್ಚದೆ ಯೋಗ ಮಾಡಿದಳು. ಮೊಣಕಾಲು ನೋವು ಹೋಯಿತು, ಗುಳಿಗೆ ಹಾಗೇ ಉಳಿಯಿತು.

ಈಗ ಹೇಳಿ, ಇಂಥವಳಿಗೆ ಕೂಸಿನ ಸುದ್ದಿಯನ್ನು ಹೇಗೆ ಮುಟ್ಟಿಸುವುದು?

“ಅದೇನ್ ಕಷ್ಟ?” ಎಂದರು ನನ್ನ ಗಂಡ. “ಮಗು ಮೊದಲು ನಮ್ಮ ಹತ್ರ ಪಾಲನೆಗೆ ಅಂತ ಬರುತ್ತೆ. ಸಂಸ್ಥೆಯವರು ಆಗಾಗ ಬಂದು ನೋಡ್ತಾರೆ. ಆಮೇಲೆ ತಾನೇ ದತ್ತು ಆರ್ಡರ್ ಆಗೋದು? ಅತ್ತೆ ಭಾಷೆಯಲ್ಲೇ ಹೇಳು. ಒಂಥರಾ ಟ್ರಯಲ್ ಪೀರಿಯಡ್ ಅಂದ್ಬಿಡು. ಖುಷಿಯಾಗ್ಬಿಡ್ತಾರೆ.” ಎಷ್ಟು ಸರಳ! ಇಷ್ಟು ಬುದ್ಧಿವಂತ ಗಂಡ ಯಾರಿಗಿದ್ದಾನೆ ಎಂದುಕೊಂಡೆ. ಭಾನುವಾರ ಇಬ್ಬರೂ ಕೋಥರೂಡಕ್ಕೆ ಹೋದೆವು. ಅತ್ತೆ ನೆಲದ ಮೇಲೆ ಬಟ್ಟೆ ಹರವಿಕೊಂಡು ಕತ್ತರಿಸುತ್ತಿದ್ದಳು. ನಾನು ಕಲಿತುಕೊಂಡು ಹೋದದ್ದನ್ನೆಲ್ಲ ಒಪ್ಪಿಸಿದೆ. ಹೆಣ್ಣುಕೂಸು, ಈಗಷ್ಟೇ ತಪ್ಪುಹೆಜ್ಜೆ ಇಡುತ್ತಾಳೆ, ಫೋಟೋದಲ್ಲಿ ಮುಖ ಸಿಂಡರಿಸಿಕೊಂಡಿದ್ದಾಳೆ. ಅತ್ತೆಯ ಕತ್ತರಿ ಕಚಕಚ ಎಂದು ಓಡುತ್ತಿತ್ತು, ಮುಖ ಅರಳುತ್ತಿತ್ತು. ನಾನು ಉಮೇದಿನಲ್ಲಿ ಕೊನೆಯ ಮಾತು ಹೇಳಿದೆ.

“ಮತ್ತ ಕೇಳು ಅತ್ತಿ. ಆದೇಶ ಬರೋತನಕ ಒಂಥರಾ ಟ್ರಯಲ್ ಇದ್ದಂಗ.”

ಕತ್ತರಿ ನಿಂತಿತು.

“ಯಾರ ಟ್ರಯಲ್?”

“ಅಂದ್ರ… ನಾವು ಆಕಿಗೆ ಹೊಂದತೇವೋ ಇಲ್ಲೋ, ಆಕಿ ನಮಗ…”

“ಹೊಂದಲಿಲ್ಲಂದ್ರ?”

ನನ್ನ ಗಂಡ ನಡುವೆ ಬಂದು, “ಹಾಗೇನೂ ಆಗಲ್ಲ ಅತ್ತೆ, ಅದು ಸುಮ್ನೆ ಫಾರ್ಮಾಲಿಟಿ” ಎಂದರು.

“ಫಾರ್ಮಾಲಿಟಿ ಇದ್ರ ಟ್ರಯಲ್ ಅಂತ ಯಾಕಂದ್ರಿ?” ಅತ್ತೆ ಎದ್ದು ನಿಂತಳು. ಮೈಮೇಲಿದ್ದ ಬಟ್ಟೆಯ ಚೂರುಗಳು ಉದುರಿದವು. “ಕೂಸು ಏನ್ ಜಂಪರ್ ಅಂತ ತಿಳದೀರೇನ? ತೊಟ್ಟು ನೋಡಿ, ಬಗಲಾಗ ಹಿಡದ್ರ ಮಡಚಿ ತಿರುಗಿ ಕೊಡ್ಲಿಕ್ಕೆ? ಹಂಗಿದ್ರ ತರಬ್ಯಾಡ್ರಿ. ಆ ಕೂಸಿಗೆ ಅಲ್ಲೇ ಇರ್ಲಿಕ್ಕೆ ಬಿಡ್ರಿ!”

ಅಷ್ಟು ಹೇಳಿ ಅಡಿಗೆಮನೆಗೆ ಹೋದಳು. ಊಟ ಬಡಿಸಿದಳು, ಅದೂ ಒಂದು ಮಾತಾಡದೆ. ಅತ್ತೆ ಬೈಯುತ್ತ ಬಡಿಸಿದರೆ ಎರಡು ರೊಟ್ಟಿ ಹೆಚ್ಚು ಹೋಗುತ್ತವೆ. ಸುಮ್ಮನೆ ಬಡಿಸಿದರೆ ಝುಣಕ ಗಂಟಲಲ್ಲೇ ಕೂಡುತ್ತದೆ. ಮಾಮಾ ತಲೆ ತಗ್ಗಿಸಿ ತಾಟನ್ನೇ ನೋಡುತ್ತಿದ್ದರು. ಜಗತ್ತಿನಲ್ಲಿ ಎಲ್ಲದಕ್ಕೂ ಟ್ರಯಲ್ ಬೇಡುವ ಹೆಂಗಸು ಇದೊಂದಕ್ಕೆ ಯಾಕೆ ಉರಿದುಬಿದ್ದಳು? ದಾರಿಯುದ್ದಕ್ಕೂ ಗಂಡ ಹೆಂಡತಿ ತಲೆ ಕೆಡಿಸಿಕೊಂಡೆವು. ಅವಳಿಗೆ ಈ ದತ್ತಕವೇ ಮನಸ್ಸಿಗೆ ಬಂದಿಲ್ಲ, ಟ್ರಯಲ್ ಎನ್ನುವುದು ಬರೀ ನೆಪ ಎಂದು ನಾನು ಅತ್ತುಬಿಟ್ಟೆ.

ಕೂಸು ಮನೆಗೆ ಬಂತು. ಬಂದದ್ದೇ ನನ್ನ ಗಂಡನ ಒಂದು ಚಪ್ಪಲಿಯನ್ನು ಎದೆಗೆ ಅವಚಿಕೊಂಡು ಶೂ ಸ್ಟ್ಯಾಂಡಿನ ಪಕ್ಕ ಕೂತುಬಿಟ್ಟಿತು. ಕರೆದರೆ ಬರುವುದಿಲ್ಲ, ಎತ್ತಿಕೊಂಡರೆ ಮೈಯನ್ನು ಕಟ್ಟಿಗೆ ಮಾಡಿಕೊಳ್ಳುತ್ತದೆ. ಚಪ್ಪಲಿಯನ್ನು ತೊಳೆದು ಒರೆಸಿ ಅವಳಿಗೇ ಬಿಟ್ಟುಕೊಟ್ಟೆವು. ನನ್ನ ಗಂಡ ಆಫೀಸಿಗೆ ಹೊಸ ಜೋಡು ಕೊಂಡರು. ಸಂಸ್ಥೆಯ ಮೇಡಂ ನೋಡಲು ಬರುತ್ತಾರೆ ಎಂದರೆ ನಾನು ನೆಲ ಒರೆಸಿದ್ದೇ ಒರೆಸಿದ್ದು. ಅವರು ಕೂಸಿನ ಜೊತೆ ನಗುನಗುತ್ತ ಮಾತಾಡಿ, ನನ್ನ ಕಡೆ ನೋಡಿ, “ಇವಳು ನಿಮ್ಮ ಹತ್ತಿರ ಬರುತ್ತಾಳಾ?” ಎಂದು ಕೇಳಿದಾಗ ನನ್ನ ಕಂಕುಳಲ್ಲಿ ಹೊಲಿಗೆ ಬಿಚ್ಚಿದಂತಾಯಿತು. ಟ್ರಯಲ್ ಕೂಸಿನದಲ್ಲ, ನನ್ನದು! ಹೀಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅವಳು ನನ್ನ ಹತ್ತಿರ ಬರದೇ ಹೋದರೆ, ನನಗೆ ಇವಳನ್ನು ಕೊಡದೇ ಹೋದರೆ ಎಂಬ ಹೆದರಿಕೆ ಅನ್ನ ಬೇಯಿಸುವಾಗಲೂ ಬಿಡಲಿಲ್ಲ. ಅತ್ತೆ ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು. ಬರಲಿಲ್ಲ. ಫೋನು ಮಾಡಿದರೆ ಮಾಮಾ ಎತ್ತುತ್ತಿದ್ದರು. “ಬಾಗಲಾ ಹಾಕ್ಕೊಂಡು ಮಷೀನ್ ಮುಂದ ಕೂತಾಳವಾ. ನನ್ನೂ ಒಳಗ ಬಿಡವಲ್ಲಳು.”

ಒಂದು ಮುಂಜಾನೆ ಮಾಮಾನ ಫೋನು ಬಂತು.

“ನಾವು ಬಿಬವೇವಾಡಿಯಾಗ ಇದ್ದೇವಿ.”

“ಅಲ್ಲಿಗ್ಯಾಕ ಹೋದ್ರಿ ಮಾಮಾ?”

“ನಿಮ್ಮ ಮನಿಗೆ ಹೊಂಟಿದ್ವಿ! ಬಸ್ಸು ತಪ್ಪಿ ಹತ್ತಿದ್ವಿ. ನಾಳೆ ಹೋಗೂಣು, ಇವತ್ತ ದಾರಿ ಟ್ರಯಲ್ ತಗೊಂಡು ಬರೂಣು ಅಂತ ನಾನಽ ಅಂದೆ. ‘ಬ್ಯಾಡ, ಈಗಽ ನಡೀರಿ’ ಅಂದ್ಲು. ನೀನಽ ಹೇಳು, ಇಷ್ಟು ವರ್ಷ ಹೇಳಿಕೊಟ್ಟಾಕಿನಽ ಹಿಂಗ ಮಾಡಿದ್ರ ನಾ ಏನ್ ಮಾಡ್ಲಿ?”

ಪುಣೆಯ ಅರ್ಧ ಪ್ರದಕ್ಷಿಣೆ ಮುಗಿಸಿ, ಮೂರು ಬಸ್ಸು ಬದಲಿಸಿ, ಊಟದ ಹೊತ್ತಿಗೆ ಇಬ್ಬರೂ ಬಂದು ಮುಟ್ಟಿದರು. ಅತ್ತೆಯ ಸೆರಗು ಬೆವರಿಗೆ ಅಂಟಿತ್ತು. ಕೂಸನ್ನು ನೋಡಿದಳು, ಮಾತಾಡಿಸಲಿಲ್ಲ. ಶೂ ಸ್ಟ್ಯಾಂಡಿನ ಮುಂದೆ, ಕೂಸಿನಿಂದ ಸ್ವಲ್ಪ ದೂರದಲ್ಲಿ, ತಾನೂ ನೆಲದ ಮೇಲೆ ಕೂತು ಚೀಲ ಬಿಚ್ಚಿದಳು. ಒಳಗಿನಿಂದ ಬಂದದ್ದು ಖಣದ ಪರಕರ ಮತ್ತು ಪೋಲಕಾ, ಪುಟ್ಟ ಲಂಗ ಮತ್ತು ರವಿಕೆ. ಹಸಿರು ಮೈ, ಕೆಂಪು ಅಂಚು, ಬಿಸಿಲಿಗೆ ಮಿಂಚುತ್ತಿತ್ತು. ನಾನು ರೂಢಿಯಂತೆ ಬಿಳಿ ದಾರ ಹುಡುಕಿದೆ. ಇರಲಿಲ್ಲ! ಎಲ್ಲ ಕಡೆ ಪಕ್ಕಾ ಹೊಲಿಗೆ, ಅದೂ ಜೋಡು ಹೊಲಿಗೆ. ಅತ್ತೆಯ ಕೊರಳ ಕಡೆ ನೋಡಿದೆ. ಟೇಪು ಇರಲಿಲ್ಲ.

“ಟ್ರಯಲ್ ತಗೊಳ್ಳಲಾರದ ಹೊಲದಿ ಅತ್ತಿ?”

“ಹೂಂ.”

“ಆಗಲಿಲ್ಲಂದ್ರ?”

“ಆಗಲಿಲ್ಲಂದ್ರ ಅರಿವಿ ಬಿಚ್ಚಿ ಹೊಲೀತೇನಿ. ಆಕಿನ್ನೇನ್ ತಿರುಗಿ ಕೊಡೂದಿಲ್ಲಲ್ಲ?” ಪರಕರದ ಅಂಚನ್ನು ಮಗುಚಿ ತೋರಿಸಿದಳು. ಒಳಗೆ ಮಡಿಕೆಯ ಮೇಲೆ ಮಡಿಕೆ ಬಟ್ಟೆ ಬಿಟ್ಟಿದ್ದಳು. “ಆಕಿ ಬೆಳದಂಗ ಬೆಳದಂಗ ಇಳಿಸ್ಕೋತ ಹೋಗು. ಸಾಲಿಗೆ ಹೋಗೋತನಕ ಬರ್ತದ.”

ನಾನು ಪಕ್ಕದಲ್ಲಿ ಕೂತೆ. ಅತ್ತೆ ನನ್ನ ಮುಖ ನೋಡದೆ, ಆ ಅಂಚನ್ನೇ ಸವರುತ್ತ ಹೇಳಿದಳು.

“ನಿಮ್ಮಪ್ಪ ನಿನ್ನ ತಂದು ನನ್ನ ಉಡಿಯಾಗ ಹಾಕಿದಾಗ ಏನಂದಿದ್ದ ಗೊತ್ತದ ಏನು? ‘ಇರ್ಲಿ ಅಕ್ಕಾ, ನೋಡೂಣು’ ಅಂದಿದ್ದ. ಹೊಂದಿದ್ರ ನಿನಗಽ ಅಂತ. ಒಂದೂವರಿ ವರ್ಷ ನೋಡಿದ್ರು. ಆಮ್ಯಾಲೆ ನಿಮ್ಮವ್ವಗ ಬಿಟ್ಟಿರ್ಲಿಕ್ಕೆ ಆಗಲಿಲ್ಲ, ಬಂದು ಕರಕೊಂಡು ಹೋದ್ರು. ಅವರದೇನೂ ತಪ್ಪಿಲ್ಲ. ಹೆತ್ತಾಕಿ ಆಕಿ.” ಮಗುಚಿದ ಅಂಚನ್ನು ಮತ್ತೆ ಮಡಚಿ ಒತ್ತಿದಳು. “ಆದ್ರ ನೋಡೂಣು ಅಂತ ಕೂಸು ಕೊಡಬಾರದು. ನನಗೂ ಒಮ್ಮೆ ಟ್ರಯಲ್ ಕೊಟ್ಟಿದ್ರು. ಭಾಳ ಛಲೋ ಕೂತಿತ್ತು.”

ನಾನು ಅವಳ ಕೈ ಹಿಡಿದುಕೊಂಡೆ. ಇಷ್ಟು ವರ್ಷ ನನ್ನ ಬ್ಲೌಸಿನ ಕಂಕುಳು ನೋಡಿ, ನನ್ನ ಮನೆಯ ಚಹಾ ನೋಡಿ, ನನ್ನ ಗಂಡನನ್ನು ನೋಡಿ ‘ಪಾಸ್’ ಅಂದವಳ ಕೈ ಅದು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ದಪ್ಪಗಾಗಿದ್ದವು. ನಾನು ಅತ್ತೆ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಇಬ್ಬರು ದೊಡ್ಡವರು ನೆಲದ ಮೇಲೆ ಕೂತು ಹೀಗೆ ಮಾಡುವುದನ್ನು ಕೂಸು ಕಣ್ಣರಳಿಸಿ ನೋಡುತ್ತಿತ್ತು. ಕೆಂಪು ಅಂಚಿನ ಆಸೆಗೆ ಕೂತಲ್ಲಿಂದಲೇ ತೆವಳಿಕೊಂಡು ಹತ್ತಿರ ಬಂದು ಎದ್ದು ನಿಂತಿತು. ಅತ್ತೆ ಪೋಲಕಾ ಹಿಡಿದು, “ಕೈ ಎತ್ತವಾ” ಅಂದಳು. ಕನ್ನಡ ಆ ಕೂಸಿಗೆ ಎಲ್ಲಿ ಬರಬೇಕು? ಆದರೂ ಎರಡೂ ಕೈ ಎತ್ತಿತು. ಚಪ್ಪಲಿ ನೆಲಕ್ಕೆ ಬಿತ್ತು. ಪೋಲಕಾ ಹೆಗಲಿನಿಂದ ಜಾರುತ್ತಿತ್ತು, ಪರಕರ ಪಾದ ದಾಟಿ ನೆಲದ ಮೇಲೆ ಹರಡಿತ್ತು. ಅಳತೆ ಪೂರಾ ತಪ್ಪಿತ್ತು! ತೊಡಿಸಿಯಾಯಿತು, ಕೈ ಮಾತ್ರ ಇಳಿಯಲಿಲ್ಲ. ಮುಖವೆತ್ತಿ ನನ್ನ ಕಡೆ ನೋಡುತ್ತ ಹಾಗೇ ನಿಂತಿತು.

“ಮುಗೀತು,” ಎಂದರು ಮಾಮಾ ಬಾಗಿಲಲ್ಲಿ ನಿಂತು. “ಇನ್ನ ಆಕೀನೂ ಇಳಸಂಗಿಲ್ಲ.”

“ಸುಮ್ಮನಿರ್ರಿ ನೀವು. ಅದು ಟ್ರಯಲ್‌ಗೆ ಎತ್ತಿದ್ದಲ್ಲ.” ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ಏನ್ ನೋಡ್ಕೋತ ಕೂತಿ? ಎತ್ತಿಕೋ ನಿನ್ನ ಮಗಳನ್ನ!”

ಎತ್ತಿಕೊಂಡೆ. ಈ ಸಲ ಅವಳು ಮೈ ಬಿಗಿ ಮಾಡಲಿಲ್ಲ, ಹೆಗಲ ಮೇಲೆ ತಲೆ ಇಟ್ಟಳು. ಅತ್ತೆ ಹೊಲಿದ ಪರಕರ ನನ್ನ ಮೊಣಕಾಲಿನವರೆಗೆ ಇಳಿಬಿದ್ದಿತ್ತು.